ಅಕ್ಕನಿಗೆ ಮೂರನೆಯ ಬಾಟ್ಲು

ನಮ್ಮ ಕಡೆ ನರಕ್ಕೆ ಬಾಟ್ಲು ಹಾಕದ ಡಾಕ್ಟರನ್ನು ಯಾರೂ ಡಾಕ್ಟರೆಂದು ಒಪ್ಪುವುದಿಲ್ಲ. ಯಳಂದೂರಿನ ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ರಸಾಯನಶಾಸ್ತ್ರ ಹೇಳುತ್ತಿರುವ ನಾನೂ ಆ ಪಂಗಡದವನೇ. ಮಾತ್ರೆ ನುಂಗುವುದೆಂದರೆ ಅರ್ಜಿ ಹಾಕಿ ಕಾಯುವುದು. ಬಾಟ್ಲು ಏರಿಸುವುದೆಂದರೆ ನೇರ ಸಾಹೇಬರ ಕೋಣೆಗೇ ನುಗ್ಗುವುದು.

ರಾಮಾಪುರದಲ್ಲಿ ರೇಷ್ಮೆ ಹುಳು ಸಾಕುವ ನನ್ನ ಅಕ್ಕ ಶಿವಮ್ಮನಿಗೆ ತಿಂಗಳ ಸ್ರಾವ ಹೆಚ್ಚಾಗಿ ಮೈಯಲ್ಲಿ ರಕ್ತ ಕಡಿಮೆಯಾಗಿತ್ತು. ಕೊಳ್ಳೇಗಾಲಕ್ಕೆ ಕರೆತಂದು ಕಬ್ಬಿಣದ ಬಾಟ್ಲು ಹಾಕಿಸಿದೆ. ಮುಖಕ್ಕೆ ಕಳೆ ಬಂತು. ಕೆಲವು ತಿಂಗಳಿಗೆ ಮತ್ತೆ ಸುಸ್ತು, ಮತ್ತೊಂದು ಬಾಟ್ಲು. ಆಮೇಲೂ ಸುಸ್ತು. ಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪಿನ ಹೊರೆ ಎತ್ತಲಾರಳು, ನೆಲದಿಂದ ಏಳಬೇಕಾದರೆ ಗೋಡೆ ಹಿಡಿಯಬೇಕು. ಮೂರನೆಯದಕ್ಕೆ ನಾನೇ ಹೊರಡಿಸಿದೆ. ಸುಸ್ತೆಂದರೆ ಕಬ್ಬಿಣ ಸಾಲದು, ಇಷ್ಟೇ ನನ್ನ ಶಾಸ್ತ್ರ.

ಈ ಸಲ ಇದ್ದ ಡಾಕ್ಟರಮ್ಮ ಬಾಟ್ಲಿನ ಮಾತೆತ್ತದೆ ಅಕ್ಕನ ಮೊಣಕಾಲಿನ ಕೆಳಗೆ ಒತ್ತಿದರು. ಅಕ್ಕ ನರಳಿದಳು. ರಕ್ತ ಪರೀಕ್ಷೆಯಲ್ಲಿ ಕಬ್ಬಿಣ ಬೇಕಾದಷ್ಟಿತ್ತು; ತಳ ಕಂಡಿದ್ದು ಫಾಸ್ಫೇಟು. ನರಕ್ಕೆ ಕೊಡುವ ಕೆಲವು ಬಗೆಯ ಕಬ್ಬಿಣದಿಂದ ಮೂಳೆಯಲ್ಲಿ ಹುಟ್ಟುವ ಒಂದು ಹಾರ್ಮೋನು ಏರುತ್ತದಂತೆ. ಅದರ ಮಾತು ಕೇಳಿ ಮೂತ್ರಪಿಂಡ ಫಾಸ್ಫೇಟನ್ನು ಹೊರಕ್ಕೆ ಚೆಲ್ಲುತ್ತದೆ. ಫಾಸ್ಫೇಟಿಲ್ಲದೆ ಸ್ನಾಯು ಸೋಲುತ್ತದೆ, ಮೂಳೆ ಮೆತ್ತಗಾಗುತ್ತದೆ. ಮೇಲ್ನೋಟಕ್ಕೆ ಅದೂ ಸುಸ್ತೇ.

“ಅದೇ ಬಾಟ್ಲು ಇನ್ನೊಂದು ಹಾಕಿದ್ದರೆ ಮೂಳೆ ಬಿರುಕು ಬಿಡಬಹುದಿತ್ತು” ಎಂದರು. ನನಗೆ ಭಯವಾಯಿತು, ಭಯಕ್ಕಿಂತ ನಾಚಿಕೆ ಹೆಚ್ಚಾಯಿತು. ಫಾಸ್ಫೇಟಿನ ಸೂತ್ರವನ್ನು ಎಷ್ಟು ಮಕ್ಕಳಿಂದ ಬಾಯಿಪಾಠ ಮಾಡಿಸಿಲ್ಲ ನಾನು. ಬಾಟ್ಲು ನಿಂತಿತು, ಸ್ರಾವಕ್ಕೆ ಔಷಧ ಶುರುವಾಯಿತು, ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಎಂದಾಯಿತು.

ಊರಿಗೆ ಮರಳುವಾಗ ಹನೂರಿನ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ನೋಡುತ್ತಾ ಹೇಳಿದಳು: “ಉಳ ಜ್ವರಕ್ಕೆ ಕುಂತಾಗ ಸಪ್ಪಗಿರ್ತದೆ. ಅಸ್ದದೆ ಅಂತ ಸೊಪ್ಪಾಕುದ್ರೆ ಕೆಟ್ಟೋಯ್ತದೆ. ಸುಮ್ನೆ ನೋಡ್ಕಂಡಿರ್ಬೇಕು.” ಪೊರೆ ಬಿಡುವ ಮುಂಚೆ ಹುಳು ಮೇಯುವುದು ಬಿಟ್ಟು ತಲೆಯೆತ್ತಿ ಕೂರುವುದಕ್ಕೆ ಸಾಕುವವರು ಜ್ವರ ಎನ್ನುತ್ತಾರೆ. ಹೊಸಬರು ಅದನ್ನು ಹಸಿವೆಂದುಕೊಂಡು ಸೊಪ್ಪು ಸುರಿಯುತ್ತಾರೆ.

ಕಾಲು ಯಾವಾಗಿನಿಂದ ನೋಯುತ್ತಿದೆ ಎಂದು ಕೇಳಿದೆ.

“ಮೊದಲ್ನೆ ಬಾಟ್ಲಾದ್ಮೇಲಿಂದ್ಲೂವೆ.”

“ಮತ್ತೆ ಹೇಳೋದಲ್ವಾ ಅಕ್ಕ?”

“ಓದ್ದೋನು ನೀನು. ಅಷ್ಟು ಆಸೆಯಿಂದ ಆಕ್ಸಿದ್ದೆ, ಬೇಜಾರು ಮಾಡ್ಕತೀಯ ಅಂತ ಸುಮ್ಕಿದ್ದೆ ಕಣ್ಲಾ.”