ಮೋತಿಯ ಕಣ್ಣಿನ ಮುತ್ತು

ಹೆಸರಿಡುವ ದಿನ ಖಾನಾಪುರದ ಮನೆಯಲ್ಲಿ ತೊಟ್ಟಿಲ ಸುತ್ತ ನಾವು ಮೂವರಿದ್ದೆವು: ಅತ್ತೆ, ನಾನು, ಭಾವನ ಹೆಂಡತಿ ಗೋದಾವರಿ. ಗೋದಾವರಿಯ ಕಂಕುಳಲ್ಲಿದ್ದ ಐದು ತಿಂಗಳ ಗಂಡುಕೂಸು ಆರತಿ ಹೋದ ಕಡೆಗೆಲ್ಲ ಕಣ್ಣು ಹೊರಳಿಸುತ್ತಿತ್ತು. ನನ್ನ ಮಗಳ ಕಣ್ಣಿನ ಕರಿಗುಡ್ಡೆಯ ನಡುವೆ ಬೆಳ್ಳಗೆ ಏನೋ ಹೊಳೆಯಿತು.

"ಕಣ್ಣಾಗ ಮುತ್ತು ಇಟ್ಕೊಂಡ ಹುಟ್ಯಾಳವಾ," ಎಂದು ಅತ್ತೆ ಹಿಗ್ಗಿ, ಮೋತಿಬಾಯಿ ಎಂದು ಹೆಸರಿಟ್ಟರು.

ನಾಲ್ಕು ತಿಂಗಳಾಯಿತು. ಮೋತಿ ಸದ್ದಿಗೆ ತಿರುಗುತ್ತಿದ್ದಳು. ಮುಖಕ್ಕಲ್ಲ.

ರೈಲು ಹತ್ತಿ ಬೆಳಗಾವಿಗೆ ಹೋದೆವು. ಅಲ್ಲಿ ಕ್ಯಾಂಪ್ ಭಾಗದ ದವಾಖಾನೆಯ ಕಣ್ಣಿನ ಡಾಕ್ಟರು ಮಗುವಿನ ಹೆಸರು ಕೇಳಿದರು. ಹೇಳಿದೆ. ಅವರ ಲೇಖನಿ ನಿಂತಿತು.

"ಇದು ಮೋತಿಬಿಂದು ಐತ್ರಿ, ಬಾಯಾರ. ಕಣ್ಣಿನ ಪೊರಿ."

ಅದು ಮುದುಕರ ಬೇನೆ, ತನಗೇ ಇನ್ನೂ ಬಂದಿಲ್ಲ ಎಂದು ಅತ್ತೆ ವಾದಕ್ಕೆ ನಿಂತರು. ಇದು ಹುಟ್ಟುತ್ತಲೇ ಬಂದದ್ದು, ಯಾಕೆಂದು ತನಗೂ ಗೊತ್ತಿಲ್ಲ, ಸೂಜಿಯಿಂದ ಆಪರೇಷನ್ ಮಾಡಿದರೆ ಅಷ್ಟಿಷ್ಟು ಕಂಡೀತು, ಕಾಣದೆಯೂ ಹೋದೀತು ಎಂದರು ಡಾಕ್ಟರು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು.

ನನಗೆ ನೆನಪಾದದ್ದು ಒಂದೇ. ಬಸಿರಿನ ಎರಡನೆಯ ತಿಂಗಳಲ್ಲಿ ಮೈತುಂಬ ಸಣ್ಣ ಕೆಂಪು ಗುಳ್ಳೆ ಎದ್ದು ಮೂರು ದಿನಕ್ಕೆ ಇಳಿದಿದ್ದವು. ಆಗ ಏಳು ತಿಂಗಳ ಬಸುರಿಯಾಗಿದ್ದ ಗೋದಾವರಿಗೂ ಎದ್ದಿದ್ದವು. ಒಂದೇ ಮನೆ, ಒಂದೇ ಒಲೆ, ಒಂದೇ ಗುಳ್ಳೆ. ಅವಳ ಕೂಸು ಮಾತ್ರ ಗೋಡೆಯ ಹಲ್ಲಿಯನ್ನು ಕಂಡೂ ನಗುತ್ತದೆ. ಅದರ ಎರಡು ಕಣ್ಣಲ್ಲಿ ಒಂದನ್ನಾದರೂ ದೇವರು ಇತ್ತ ಕೊಡಬಾರದಿತ್ತೇ ಎಂದುಕೊಂಡೆ. ಬರೆಯಲು ನಾಚಿಕೆ. ಆದರೆ ಹಾಗೆಯೇ ಅಂದುಕೊಂಡೆ.

ಚಿಂತೆಗೆ ನನ್ನ ಹಾಲು ಬತ್ತಿತು. ಮೋತಿಯ ಎಂಟನೆಯ ತಿಂಗಳಲ್ಲಿ ಆಪರೇಷನ್‌ಗೆ ಹೋದಾಗ ಗೋದಾವರಿಯೇ ಜೊತೆಗೆ ಬಂದು, ತನ್ನ ಕೂಸಿನೊಡನೆ ಮೋತಿಗೂ ಹಾಲು ಕುಡಿಸಿದಳು. ಆ ಗುಟುಕಿನ ಸದ್ದು ಕೇಳುತ್ತ ನಾನು ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದೆ. ಉಪಕಾರ ಹೊರುವುದಕ್ಕಿಂತ ಹೊಟ್ಟೆಕಿಚ್ಚು ಪಡುವುದು ಹಗುರ.

ಪಟ್ಟಿ ಬಿಚ್ಚಿದ ದಿನ ಮೋತಿಯ ಕಣ್ಣು ಅತ್ತಿತ್ತ ಹುಡುಕಿ ಗೋದಾವರಿಯ ಮೇಲೆ ನಿಂತಿತು.

ನನ್ನ ಮೇಲಲ್ಲ.

ಗೋದಾವರಿ ನನ್ನ ಮೋರೆ ನೋಡಿದಳು. "ನನ್ನಲ್ಲ ತಂಗಿ, ನನ್ನ ಕೆಂಪ ಸೀರಿ ನೋಡಾಕತ್ತಾಳ. ನೀ ಬೂದಿ ಬಣ್ಣದ್ದು ಉಟ್ಕೊಂಡ ಕುಂತ್ರ ಕೂಸರ ಏನ್ ಮಾಡಬೇಕು?"

ಸದ್ಯಕ್ಕೆ ಗಾಢ ಬಣ್ಣವಷ್ಟೇ ಅವಳಿಗೆ ತಿಳಿಯುತ್ತದೆ, ಕಣ್ಣು ಮೂಗು ಎಲ್ಲ ಮಬ್ಬು ಎಂದು ಡಾಕ್ಟರೂ ಹೇಳಿದರು. ನಾನು ಇಬ್ಬರನ್ನೂ ನಂಬಲಿಲ್ಲ.

ಊರಿಗೆ ಮರಳಿದ ಹದಿನೈದು ದಿನಕ್ಕೆ ಗೋದಾವರಿ ತವರಿಗೆ ಹೊರಟಳು. ಹೋಗುವಾಗ ಆ ಸೀರೆಯನ್ನು ಮಡಿಸಿ ನನ್ನ ಹಾಸಿಗೆಯ ಮೇಲೆ ಇಟ್ಟು ಹೋದಳು. ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ ಉಟ್ಟೆ. ಮೋತಿ ಪಡಸಾಲೆಯ ಆ ತುದಿಯಿಂದ ತೆವಳುತ್ತ ಬಂದು ನನ್ನ ಸೆರಗು ಹಿಡಿದಳು.