ಹರಳಪ್ಪನವರ ಗಡಿಯಾರ

ಸಂಸ್ಥೆಯಲ್ಲಿ ಎಲ್ಲರೂ ಹರಳಪ್ಪ ಎಂದೇ ಕರೆಯುವ ಈ ಮಹಾಶಯರು ಜ್ವಾಲಾಮುಖಿ ಉಗುಳಿದ ಕಲ್ಲನ್ನು ಈರುಳ್ಳಿ ಪೊರೆಯಷ್ಟು ತೆಳ್ಳಗೆ ಕೊಯ್ದು, ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ದಂಡೆತ್ತಿ ಬಂದ ಸೇನಾಪತಿಯಂತೆ ಕೂರುತ್ತಾರೆ. ಬೆಟ್ಟದ ಹೊಟ್ಟೆಗೆ ಹೊಸ ಶಿಲಾರಸ ನುಗ್ಗಿದಾಗ ಅಲ್ಲಿದ್ದ ಹರಳಿನ ಸುತ್ತ ಹೊಸದೊಂದು ಅಂಚು ಕಟ್ಟುತ್ತದೆ. ಹೊಸದಕ್ಕೂ ಹಳೆಯದಕ್ಕೂ ನಡುವಿನ ಗೆರೆ ಎಷ್ಟು ಮಸುಕಾಗಿದೆಯೋ ಅಷ್ಟು ಕಾಲ ಬೆಟ್ಟ ಒಳಗೊಳಗೇ ಕುದಿದು ಆಮೇಲೆ ಸಿಡಿದಿದೆ ಎಂದು ಈ ಹರಳಿನ ಗಡಿಯಾರದ ಲೆಕ್ಕ. ಮದುವೆಮನೆಗೆ ಹೋದರೂ ಅವರದು ಇದೇ ಪುರಾಣ. "ಸಿಡಿಯೋಕೆ ಮುಂಚೆ ಹೇಳೋದು ಯಾವಾಗ ಸಾರ್?" ಎಂದು ಕ್ಯಾಂಟೀನಿನವನು ಕೆಣಕಿದರೆ, "ಸಿಡಿದ ಮೇಲೇ ಕಣಯ್ಯ ಹರಳು ಕೈಗೆ ಸಿಗೋದು. ನಾನು ಹೆಣ ಕೊಯ್ಯೋ ಡಾಕ್ಟ್ರು ಇದ್ದ ಹಾಗೆ" ಎಂದು ಚಹಾ ಹೀರುತ್ತಾರೆ. ಹೆಂಡತಿ ಮುನಿಸಿಕೊಂಡರೆ, ಆ ಸಿಟ್ಟು ಎಂದು ಹುಟ್ಟಿತೆಂದು ಅವಳ ಹುಬ್ಬು ನೋಡಿ ಅಳೆಯಲು ಹೊರಟು ಚೆನ್ನಾಗಿ ಬೈಸಿಕೊಳ್ಳುತ್ತಾರೆ. ಪ್ರಪಂಚದ ಬೆಟ್ಟಗಳನ್ನೆಲ್ಲ ಹೀಗೆ ಜಯಿಸಿದ ಶೂರರ ಮೇಜಿನ ಮೇಲೆ ಒಂದು ಕಲ್ಲು ಮಾತ್ರ ಇಡಿಯಾಗಿಯೇ ಉಳಿದಿದೆ. ಜ್ವಾಲಾಮುಖಿಯ ಬಾಯಿಂದ ಬರುವ ಅನಿಲವನ್ನು ಅಳೆಯಲು ಬೆಟ್ಟ ಹತ್ತಿದ್ದ ಅವರ ತಮ್ಮನನ್ನು ನುಂಗಿದ ಸಿಡಿತದ ಕಲ್ಲು ಅದು. "ಅದನ್ನೂ ಕೊಯ್ದುಬಿಡಿ ದೊಡ್ಡಪ್ಪ, ಗೊತ್ತಾಗ್ಲಿ" ಎಂದು ಮೊನ್ನೆ ತಮ್ಮನ ಮಗಳು ಹೇಳಿದಳು. ಅವರು ಅಂಗಿಯ ತುದಿಯಿಂದ ಕಲ್ಲಿನ ಧೂಳು ಒರೆಸಿದರು. "ಒಂದೇ ಗಂಟೇಲಿ ಸಿಡೀತು ಅಂತ ಬಂದ್ರೆ ಸರಿ ಮಗಳೇ. ತಿಂಗಳು ಅಂತ ಬಂದ್ರೆ, ಅದು ಕುದೀತಿದ್ದಾಗ್ಲೇ ನಾನು ನಿಮ್ಮಪ್ಪಂಗೆ 'ಏನಾಗಲ್ಲ, ಹೋಗಿಬಾ' ಅಂದೆ ಅಂತ ಆಗುತ್ತಲ್ಲ."