ಹಾಲಿನ ಚೀಲದ ಚೀಟಿ

ಕ್ಯಾಲೆಂಡರಿನಿಂದ ಹರಿದ ಹಾಳೆಯ ಹಿಂಬದಿಯಲ್ಲಿ ನಾವು ಬರೆದದ್ದೇ ಎರಡು ಸಾಲು, ತಪ್ಪುಗಳ ಮೇಲೆ ಕೆಂಪು ಪೆನ್ಸಿಲಿನ ಗುರುತು. ಮಲ್ಲೇಶ್ವರಂನ ನಮ್ಮ ಕ್ರಾಸಿನ ವಾಟ್ಸ್ಯಾಪ್ ಗುಂಪಿನಲ್ಲಿ ಯಾರು ತಪ್ಪು ಕನ್ನಡ ಬರೆದರೂ, ಮರುದಿನ ಅವರ ಗೇಟಿನ ಹಾಲಿನ ಚೀಲದಲ್ಲಿ ಅಂಥದೊಂದು ಚೀಟಿ ಇರುತ್ತಿತ್ತು. ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸದಿಂದ ನಿವೃತ್ತರಾಗಿ, ಆಗ ನಮ್ಮ ಎದುರುಮನೆಯಲ್ಲಿದ್ದ ಹಿರಿಯರೊಬ್ಬರು ಅದನ್ನು ಇಡುತ್ತಿದ್ದರು. "ಗ್ರೂಪಲ್ಲೇ ಹೇಳಿದ್ರೆ ಅವಮಾನ ಆಗುತ್ತಮ್ಮಾ" ಅನ್ನುತ್ತಿದ್ದರು.

ಮೂಲೆಯಲ್ಲಿ ಸೊಪ್ಪು ಮಾರುವಾಕೆ ದಿನವೂ ಏನೇನು ಬಂದಿದೆಯೆಂದು ಅದೇ ಗುಂಪಿನಲ್ಲಿ ಬರೆಯುತ್ತಿದ್ದರು. ಅವರ ತಳ್ಳುಗಾಡಿಗೂ ಚೀಟಿ ಬರತೊಡಗಿದ ಮೇಲೆ ಬರೆಯುವುದನ್ನೇ ಬಿಟ್ಟರು. ಮಧ್ಯಾಹ್ನವಾದರೂ ಅರ್ಧ ಗಾಡಿ ಸೊಪ್ಪು ಬಾಡುತ್ತ ಉಳಿದಿರುತ್ತಿತ್ತು.

"ಭಯ ಆಯ್ತದೆ ಅಕ್ಕಾ. ಬರೆದ್ರೆ ತಾನೇ ತಪ್ಪು?" ಎಂದರು ಒಮ್ಮೆ.

ಅಂದು ಸಂಜೆ ಅದನ್ನು ಎದುರುಮನೆಯವರಿಗೆ ಹೇಳಿದೆ. ಅವರು ಜೇಬಿನಿಂದ ಪೆನ್ಸಿಲು ತೆಗೆದು, ನೋಡಿ, ಮತ್ತೆ ಜೇಬಿಗೇ ಇಟ್ಟರು.

"ಯಾರಿಗೂ ಗೊತ್ತಾಗದ ಹಾಗೇ ಹೇಳಿದ್ನಲ್ಲಮ್ಮಾ."



ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಗಾಡಿಯ ಹತ್ತಿರ ನಿಂತೆ. ಆಕೆಯ ಫೋನಿನಲ್ಲಿ ಗುಂಪನ್ನು ತೆರೆದು, ಮಾತು ರೆಕಾರ್ಡ್ ಮಾಡುವ ಗುಂಡಿಯ ಮೇಲೆ ಬೆರಳಿಟ್ಟು, ಫೋನನ್ನು ಆಕೆಯ ಬಾಯಿಯ ಹತ್ತಿರ ಹಿಡಿದೆ.

"ಬರೀಬೇಡಿ," ಎಂದೆ. "ಬೀದೀಲಿ ಕೂಗ್ತೀರಲ್ಲ, ಹಾಗೇ ಕೂಗಿ."